ಮಕ್ಕಳ ಹಾಲು ಕಡಿಮೆ ಮಾಡುವ ಮುಂಚೆ

ಪ್ರಶ್ನೆ: ಅಕ್ಕಾ, ನಾವು ದಾವಣಗೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮನೆಯವರಿಗೆ ಕೈಗೆ ಬರುವ ಸಂಬಳ 34,000. ನಾನು ಬ್ಲೌಸ್ ಹೊಲಿದು 3,000 ದುಡಿಯುತ್ತೇನೆ. ಇಬ್ಬರು ಮಕ್ಕಳು, ಬಿಪಿ–ಶುಗರ್ ಇರುವ ಅತ್ತೆ. ಬಾಡಿಗೆ 8,500, ದಿನಸಿ 7,500, ಸ್ಕೂಲ್ ಫೀಸಿಗೆಂದು ತೆಗೆದಿಡುವುದು 5,000, ಪೆಟ್ರೋಲ್ 2,500, ತರಕಾರಿ 2,000, ಗ್ಯಾಸ್ ಮತ್ತು ಮೂರು ಫೋನ್ ಸೇರಿ 2,000, ಅತ್ತೆಯ ಮಾತ್ರೆ 1,900, ಟಿವಿ ಕಂತು 1,850, ಹಾಲು 1,400. ಗೃಹಜ್ಯೋತಿಯಲ್ಲಿ ನಮಗೆ 165 ಯೂನಿಟ್ ಉಚಿತ, ಬಳಸುವುದು 120–125. 200 ದಾಟಿಬಿಟ್ಟರೆ ಎಂಬ ಹೆದರಿಕೆಯಲ್ಲಿ ಸ್ನಾನದ ನೀರನ್ನೂ ಗ್ಯಾಸ್ ಮೇಲೇ ಕಾಯಿಸುತ್ತೇನೆ, ಸಿಲಿಂಡರ್ 24 ದಿನಕ್ಕೆ ಮುಗಿಯುತ್ತದೆ. ಎಷ್ಟು ಬಿಗಿ ಹಿಡಿದರೂ 20ನೇ ತಾರೀಖಿಗೆ ಕೈ ಖಾಲಿ. ಎರಡು ತಿಂಗಳಿಂದ ಒಂದೂವರೆ ಲೀಟರ್ ಹಾಲನ್ನು ಒಂದು ಲೀಟರಿಗೆ ಇಳಿಸಿದ್ದೇನೆ, ಮಕ್ಕಳಿಗೆ ಹಣ್ಣು ತರುವುದು ಬಿಟ್ಟಿದ್ದೇನೆ. ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ಕಡಿತವಾಗುವ 436 ಮತ್ತು 20 ರೂಪಾಯಿಯ ವಿಮೆಯನ್ನೂ ನಿಲ್ಲಿಸಲೇ? ಇನ್ನೇನು ಕಡಿಮೆ ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರ ಓದಿ ಮೊದಲು ನಾನು ಮಾಡಿದ್ದು ಒಂದು ಕೂಡುವ ಲೆಕ್ಕ. ನೀವು ಬರೆದ ಖರ್ಚನ್ನೆಲ್ಲ ಒಂದರ ಕೆಳಗೊಂದು ಬರೆದು ಕೂಡಿದೆ. ಬಂದದ್ದು 32,650. ನಿಮ್ಮಿಬ್ಬರ ದುಡಿಮೆ ಸೇರಿ 37,000. ಅಂದರೆ 4,350 ರೂಪಾಯಿ ನಿಮ್ಮ ಪತ್ರದಲ್ಲೇ ಇಲ್ಲ. ನೀವು ಮುಚ್ಚಿಟ್ಟಿದ್ದೀರಿ ಅಂತ ಹೇಳುತ್ತಿಲ್ಲ, ಅದು ನಿಮ್ಮ ಕಣ್ಣಿಗೇ ಬಿದ್ದಿಲ್ಲ. ಹಾಲು ಮಾತ್ರ ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು ಕಣ್ಣಿಗೆ ಬೀಳುತ್ತದೆ. ಹಾಗಾಗಿ ಕೈ ಮೊದಲು ಹೋದದ್ದು ಹಾಲಿನ ಮೇಲೆ. ಅರ್ಧ ಲೀಟರ್ ಬಿಟ್ಟು ನೀವು ಉಳಿಸಿದ್ದು ತಿಂಗಳಿಗೆ ಸುಮಾರು 700. ಕಾಣದೆ ಹೋದದ್ದು ಅದರ ಆರು ಪಟ್ಟು.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗೃಹವಿಜ್ಞಾನ ಪಾಠ ಮಾಡಿದವಳು ನಾನು. ಜೊತೆಗೆ ತುಮಕೂರು ಕಡೆಯ ಮಹಿಳಾ ಸಂಘಗಳಲ್ಲಿ ಮನೆಖರ್ಚಿನ ಪುಸ್ತಕ ಬರೆಯುವುದನ್ನು ಹೇಳಿಕೊಟ್ಟಿದ್ದೇನೆ. ಅಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ನಾನು ಕಂಡದ್ದು ಇದೇ. ಖರ್ಚು ಬಿಗಿ ಹಿಡಿಯಲು ಹೊರಟ ಹೆಂಗಸು ಮೊದಲು ತನ್ನ ತಟ್ಟೆಯಿಂದ ಶುರು ಮಾಡುತ್ತಾಳೆ, ಆಮೇಲೆ ಮಕ್ಕಳ ತಟ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಿಮಗೆ ಯಾರೂ ಹೇಳಬೇಕಾಗಿಲ್ಲ, ನೀವಾಗಲೇ ಮೊಣಕಾಲು ಮಡಚಿಕೊಂಡು ಮಲಗಿದ್ದೀರಿ. ಆದ್ದರಿಂದ ಇನ್ನೇನು ಕಡಿಮೆ ಮಾಡಲಿ ಎಂಬ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು, ಆ 4,350 ಎಲ್ಲಿ ಹೋಯಿತು ಅಂತ ಹುಡುಕೋಣ.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಫೋನ್ ಹಿಡಿದು ಕೂತುಕೊಳ್ಳಿ. ಫೋನ್‌ಪೇ ಆಗಲಿ ಗೂಗಲ್ ಪೇ ಆಗಲಿ, ಹಿಂದಿನ ತಿಂಗಳ ಪಾವತಿಗಳೆಲ್ಲ ಅದರಲ್ಲಿ ಸಾಲಾಗಿ ಇರುತ್ತವೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮೊದಲು ನಿಮ್ಮ ಫೋನಿನದು ಓದಿ, ಆಮೇಲೆ ಅವರದು. ಇದು ಮುಖ್ಯ. ಅವರ ಫೋನಿನಿಂದ ಶುರು ಮಾಡಿದರೆ ಲೆಕ್ಕ ಕೇಳಿದ ಹಾಗಾಗುತ್ತದೆ, ಅರ್ಧ ಗಂಟೆಯೊಳಗೆ ಮಾತು ಬೇರೆ ಕಡೆ ತಿರುಗುತ್ತದೆ. ನಾನು ನೋಡಿರುವ ಲೆಕ್ಕಗಳಲ್ಲಿ ದೊಡ್ಡ ಮೊತ್ತ ಸಿಗುವುದೇ ಅಪರೂಪ. 20, 30, 45, ಮತ್ತೆ 20. ಟೀ, ಪಂಕ್ಚರ್, ಮೂಲೆ ಅಂಗಡಿ, ಮತ್ತೆ ಮೂಲೆ ಅಂಗಡಿ. ನೋಟು ಮುರಿಸುವಾಗ ಕೈಗೆ ಆಗುತ್ತಿದ್ದ ಹಿಂಜರಿಕೆ ಸ್ಕ್ಯಾನ್ ಮಾಡುವಾಗ ಆಗುವುದಿಲ್ಲ. ಅದಕ್ಕೇ ವಾರದ ಖರ್ಚಿಗೆ ಇಷ್ಟು ಅಂತ ನಗದು ತಂದು ಡಬ್ಬಿಯಲ್ಲಿಡುವ ಹಳೇ ಪದ್ಧತಿಯನ್ನೇ ನಾನು ಇವತ್ತಿಗೂ ಹೇಳುತ್ತೇನೆ. ನಮ್ಮ ಅಮ್ಮಂದಿರು ಸಾಸಿವೆ ಡಬ್ಬಿಯಲ್ಲಿ ದುಡ್ಡಿಡುತ್ತಿದ್ದರು. ಡಬ್ಬಿ ಅಲ್ಲಾಡಿಸಿದರೆ ಎಷ್ಟು ಉಳಿದಿದೆ ಅಂತ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಅದೇ ಆ್ಯಪ್‌ನಲ್ಲಿ ಆಟೋಪೇ ಎಂಬ ಜಾಗವನ್ನೂ ತೆರೆದು ನೋಡಿ. ಯಾವಾಗಲೋ ಒಂದು ಸಿನಿಮಾ ನೋಡಲು ಒಪ್ಪಿಗೆ ಕೊಟ್ಟದ್ದು ತಿಂಗಳು ತಿಂಗಳು ತಾನಾಗಿ ದುಡ್ಡು ಎಳೆಯುತ್ತಿರಬಹುದು. ಅಲ್ಲೇ ರದ್ದು ಮಾಡಬಹುದು, ಯಾರ ಅಪ್ಪಣೆಯೂ ಬೇಡ.

ಫೋನ್ ರೀಚಾರ್ಜ್ ವಿಷಯ ಹೇಳಿಬಿಡುತ್ತೇನೆ. ನಾವು ಅದನ್ನು ತಿಂಗಳ ಖರ್ಚು ಅಂದುಕೊಳ್ಳುತ್ತೇವೆ, ಆದರೆ 28 ದಿನದ ಪ್ಯಾಕ್ ವರ್ಷಕ್ಕೆ 13 ಸಲ ಬರುತ್ತದೆ. ಮೂರು ಫೋನಿಗೆ 36 ಅಲ್ಲ, 39 ರೀಚಾರ್ಜ್. ಅತ್ತೆಯವರು ಇಂಟರ್ನೆಟ್ ನೋಡುವವರಲ್ಲ ಅಂದರೆ ಅವರಿಗೆ ಡೇಟಾ ಪ್ಯಾಕ್ ಏಕೆ? ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ ಹೇಳಿದ ಮೇಲೆ 2025ರಿಂದ ಕಂಪನಿಗಳು ಬರೀ ಮಾತು ಮತ್ತು ಎಸ್ಸೆಮ್ಮೆಸ್‌ನ ಪ್ಯಾಕ್ ಇಟ್ಟಿವೆ. 84 ದಿನಕ್ಕೆ 500 ರೂಪಾಯಿಯ ಒಳಗೇ ಸಿಗುತ್ತದೆ. ಆ್ಯಪ್‌ನಲ್ಲಿ ಅದು ಕೆಳಗೆಲ್ಲೋ ಇರುತ್ತದೆ, ಹುಡುಕಬೇಕು.

ಈಗ ಗ್ಯಾಸ್. ನಿಮ್ಮ ಮನೆಯಲ್ಲಿ ದುಡ್ಡು ಸುಮ್ಮನೆ ಸೋರುತ್ತಿರುವ ಜಾಗ ಇದು. ನೀವದನ್ನು ಉಳಿತಾಯ ಅಂದುಕೊಂಡು ಮಾಡುತ್ತಿದ್ದೀರಿ ಎಂಬುದೇ ನನಗೆ ಹೆಚ್ಚು ಸಂಕಟ ಕೊಟ್ಟದ್ದು. ಒಂದು ಬಕೆಟ್ ಅಂದರೆ ಸುಮಾರು 18 ಲೀಟರ್ ನೀರು. ನಲ್ಲಿ ನೀರನ್ನು ಸ್ನಾನದ ಹದಕ್ಕೆ ತರಲು ಸುಮಾರು 17 ಡಿಗ್ರಿ ಏರಿಸಬೇಕು. ಗ್ಯಾಸ್ ಒಲೆಯ ಶಾಖದಲ್ಲಿ ಪಾತ್ರೆಗೆ ಸೇರುವುದು ರೂಪಾಯಿಗೆ ಹತ್ತಾಣೆಯಷ್ಟು, ಅಂದರೆ ನೂರರಲ್ಲಿ ಅರವತ್ತಕ್ಕೆ ತುಸು ಹೆಚ್ಚು, ಉಳಿದದ್ದು ಅಡುಗೆಮನೆಯ ಗಾಳಿಗೆ. ಹಾಗೆ ಲೆಕ್ಕ ಹಾಕಿದರೆ ಬಕೆಟ್ಟಿಗೆ 45 ಗ್ರಾಂ ಗ್ಯಾಸ್ ಬೇಕು. ಐದು ಜನಕ್ಕೆ ದಿನಕ್ಕೆ 220 ಗ್ರಾಂ ದಾಟುತ್ತದೆ, 24 ದಿನಕ್ಕೆ ಐದು ಕೆಜಿಗೂ ಮಿಕ್ಕಿ. ಸಿಲಿಂಡರಿನಲ್ಲಿ ಇರುವುದೇ 14.2 ಕೆಜಿ. ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಚ್ಚಲಿಗೆ ಹೋಗುತ್ತಿದೆ.

ಇತ್ತ ಕರೆಂಟಿನಲ್ಲಿ ನಿಮಗೆ ಉಚಿತವಾಗಿ ಸಿಗುವ 40 ಯೂನಿಟ್ ಪ್ರತಿ ತಿಂಗಳೂ ಹಾಗೇ ಉಳಿಯುತ್ತಿದೆ. ಗೃಹಜ್ಯೋತಿಯ ಲೆಕ್ಕ ಹೀಗೆ: 2022–23ರ ನಿಮ್ಮ ಸರಾಸರಿ ಬಳಕೆಗೆ ಶೇ 10 ಸೇರಿಸಿ ನಿಮ್ಮ ಮಿತಿ ಗೊತ್ತು ಮಾಡಿದ್ದಾರೆ. ಅದರೊಳಗಿದ್ದರೆ ಬಿಲ್ ಸೊನ್ನೆ. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ನಿಮ್ಮ ಹೆದರಿಕೆ ಸುಳ್ಳಲ್ಲ, ಆದರೆ 125ಕ್ಕೂ 200ಕ್ಕೂ ನಡುವೆ ಬಹಳ ಜಾಗ ಇದೆ. ನೀರಿಗೆ ಹಾಕುವ ಕಾಯಿಲ್ ಒಂದು ಬಕೆಟ್ ಕಾಯಿಸಲು ತೆಗೆದುಕೊಳ್ಳುವುದು 0.4 ಯೂನಿಟ್. ಅತ್ತೆಗೆ, ಮಕ್ಕಳಿಬ್ಬರಿಗೆ ದಿನಕ್ಕೆ ಮೂರು ಬಕೆಟ್ ಅಂದರೆ ತಿಂಗಳಿಗೆ 36 ಯೂನಿಟ್. 125ಕ್ಕೆ 36 ಸೇರಿದರೆ 161. ಬಿಲ್ ಆಗಲೂ ಸೊನ್ನೆಯೇ. ಐದೂ ಬಕೆಟ್ಟನ್ನು ಕಾಯಿಲ್‌ಗೆ ಹಾಕಿದರೆ 185 ಆಗುತ್ತದೆ, ಹೆಚ್ಚಾದ 20 ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ 120 ಕಟ್ಟಬೇಕಾದೀತು. 200 ತೀರಾ ಹತ್ತಿರವೂ ಬರುತ್ತದೆ. ಅಲ್ಲಿಯವರೆಗೆ ಹೋಗುವುದು ಬೇಡ. ನಿಮ್ಮಿಬ್ಬರ ನೀರು ಬೇಕಿದ್ದರೆ ಗ್ಯಾಸಿನ ಮೇಲೇ ಇರಲಿ, ಫೆಬ್ರುವರಿ ದಾಟಿದ ಮೇಲೆ ದಾವಣಗೆರೆಯ ಬಿಸಿಲಿಗೆ ದೊಡ್ಡವರಿಗೆ ಕಾಯಿಸಿದ ನೀರು ಬೇಕಾಗುವುದೇ ಇಲ್ಲ. ಬೇಸಿಗೆಯಲ್ಲಿ ಫ್ಯಾನ್ ಹೆಚ್ಚು ಓಡುತ್ತದೆ ನಿಜ, ಆಗ ಕಾಯಿಲ್ ಕೆಲಸವೂ ಇಳಿಯುತ್ತದೆ. ಮೀಟರ್ ರೀಡಿಂಗ್ ಆದ ಹದಿನೈದನೇ ದಿನ ಹೊರಗೆ ಹೋಗಿ ಮೀಟರ್ ನೋಡಿಕೊಳ್ಳಿ. 80ರ ಆಸುಪಾಸಿನಲ್ಲಿದ್ದರೆ ಸರಿಯಿದೆ.

ಇಷ್ಟರಿಂದಲೇ ಸಿಲಿಂಡರ್ 24ರಿಂದ 30 ದಿನಕ್ಕೆ ಬರುತ್ತದೆ. ಬೇಸಿಗೆಯಲ್ಲಿ 38 ದಿನ ಬಂದರೂ ನನಗೆ ಆಶ್ಚರ್ಯವಿಲ್ಲ. ವರ್ಷದ ಲೆಕ್ಕದಲ್ಲಿ ಹದಿನೈದು ಸಿಲಿಂಡರಿನ ಬದಲು ಹನ್ನೊಂದು. ಕಾಯಿಲ್ ಐಎಸ್ಐ ಗುರುತಿನದೇ ಇರಲಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇಡಿ, ದೊಡ್ಡ ಮೂರು ಪಿನ್ನಿನ ಪ್ಲಗ್ಗಿಗೇ ಹಾಕಿ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಮಕ್ಕಳ ಕೈಗೆ ಈ ಕೆಲಸ ಬೇಡವೇ ಬೇಡ.

ಒಲೆಯ ಮುಂದೆ ನಿಂತಾಗ ಒಂದು ಮಾತು ನೆನಪಿರಲಿ. ನೀರು ಕುದಿ ಬಂದ ಮೇಲೆ ಉರಿ ಎಷ್ಟು ಹೆಚ್ಚಿಸಿದರೂ ನೀರಿನ ಬಿಸಿ ಏರುವುದಿಲ್ಲ. ಬೇಳೆ ಬೇಗ ಬೇಯುವುದೂ ಇಲ್ಲ, ಬರೀ ಆವಿ ಹೆಚ್ಚಾಗುತ್ತದೆ. ಕುದಿ ಬಂದ ಕೂಡಲೇ ಸಣ್ಣ ಉರಿ, ಕುಕ್ಕರ್ ಮೊದಲ ಸೀಟಿ ಹಾಕಿದ ಕೂಡಲೇ ಸಣ್ಣ ಉರಿ. ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಹಾಕಿ. ಉರಿ ಹಳದಿ ತಿರುಗಿದ್ದರೆ ಬರ್ನರ್ ಬಿಚ್ಚಿ ತೊಳೆಯಿರಿ. ಸಿಲಿಂಡರ್ ತಂದವರ ಹತ್ತಿರ ತೂಕ ಹಾಕಿ ಕೊಡಿ ಅಂತ ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಖಾಲಿ ಸಿಲಿಂಡರಿನ ತೂಕ ಹಿಡಿಕೆಯ ಹತ್ತಿರ ಬರೆದಿರುತ್ತದೆ, ಅದಕ್ಕೆ 14.2 ಕೂಡಿದರೆ ಬರಬೇಕಾದ ತೂಕ.

ಅತ್ತೆಯವರ ಮಾತ್ರೆಗೆ ಬರುತ್ತೇನೆ. ಇದರಲ್ಲಿ ಕಡಿತ ಅಂದರೆ ಮಾತ್ರೆಯಲ್ಲಲ್ಲ, ದರದಲ್ಲಿ. ನಮ್ಮ ಸಂಘದ ಒಬ್ಬ ಹೆಣ್ಣುಮಗಳು ಖರ್ಚು ಉಳಿಸಲೆಂದು ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ, ಬಲಗೈ ಮೇಲೇಳದೆ, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಆ ಮನೆಯ ಲೆಕ್ಕದ ಪುಸ್ತಕ ಇವತ್ತಿಗೂ ನನ್ನ ಕಣ್ಣ ಮುಂದಿದೆ, ಅದರಲ್ಲಿ ಔಷಧಿ ಎಂಬ ಸಾಲಿನಲ್ಲಿ ಸೊಗಸಾಗಿ ಕಡಿಮೆಯಾಗುತ್ತಾ ಹೋದ ಅಂಕಿಗಳಿದ್ದವು. ನಾನೇ ಅದನ್ನು ನೋಡಿ ಭೇಷ್ ಅಂದಿದ್ದೆ. ಅಂದಿನಿಂದ ಯಾವ ಮನೆಯ ಪುಸ್ತಕದಲ್ಲಿ ಔಷಧಿ ಖರ್ಚು ಇಳಿದರೂ ಏಕೆ ಇಳಿಯಿತು ಅಂತ ಕೇಳದೆ ಮುಂದೆ ಹೋಗುವುದಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಮಾತ್ರೆಯ ಶೀಟ್ ಹಿಂದೆ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರು ಇರುತ್ತದೆ. ಬಿಪಿಗೆ ಟೆಲ್ಮಿಸಾರ್ಟನ್, ಆಮ್ಲೋಡಿಪಿನ್, ಶುಗರಿಗೆ ಮೆಟ್‌ಫಾರ್ಮಿನ್, ಹೀಗೆ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಈ ಹೆಸರಿನಲ್ಲೇ ಚೀಟಿ ಬರೆದುಕೊಡಿ ಅಂತ ಕೇಳಿ, ಜನೌಷಧಿ ಕೇಂದ್ರಕ್ಕೆ ಹೋಗಿ. ಅಲ್ಲಿನ ದರ ಬ್ರ್ಯಾಂಡಿನದಕ್ಕಿಂತ ಅರ್ಧದಷ್ಟು, ಎಷ್ಟೋ ಮಾತ್ರೆಗೆ ಇನ್ನೂ ಕಡಿಮೆ. ಮಿಲಿಗ್ರಾಂ ಒಂದೇ ಇರಬೇಕು. ಹೆಸರಿನ ಮುಂದೆ ಎಸ್ಆರ್ ಅಂತ ಇದ್ದರೆ ಎಸ್ಆರ್ ಇರುವುದನ್ನೇ ತರಬೇಕು, ಅದು ನಿಧಾನವಾಗಿ ಕರಗುವ ಮಾತ್ರೆ. ಕೆಲವು ಸಲ ಸ್ಟಾಕ್ ಇರುವುದಿಲ್ಲ, ಹಾಗಾಗಿ ಮನೆಯಲ್ಲಿ ಹತ್ತು ದಿನದ್ದು ಉಳಿದಿರುವಾಗಲೇ ಹೋಗಿ. 1,900ರಲ್ಲಿ ಸಾವಿರದ ಹತ್ತಿರ ಉಳಿಯುವ ನಿರೀಕ್ಷೆ ನನ್ನದು.

ವಿಮೆಯ ಪ್ರಶ್ನೆಗೆ ಉತ್ತರ, ಖಂಡಿತ ನಿಲ್ಲಿಸಬೇಡಿ. 436 ರೂಪಾಯಿಯದು ಜೀವನ ಜ್ಯೋತಿ, 20 ರೂಪಾಯಿಯದು ಸುರಕ್ಷಾ ಬಿಮಾ, ಅದು ಅಪಘಾತಕ್ಕೆ. ಒಂದೊಂದಕ್ಕೂ 2 ಲಕ್ಷ. ನಿಮ್ಮ ಯಜಮಾನರು ದಿನಾ ಬೈಕಿನಲ್ಲಿ ಓಡಾಡುವವರು. ಎರಡೂ ಸೇರಿ ತಿಂಗಳಿಗೆ 38 ರೂಪಾಯಿ ಆಯಿತು. ಮೇ ಕೊನೆಯ ವಾರ ಖಾತೆಯಲ್ಲಿ ಅಷ್ಟು ದುಡ್ಡು ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ತಾನಾಗಿಯೇ ನಿಂತುಹೋಗುತ್ತದೆ. ನಿಮ್ಮ ಹೆಸರಿನಲ್ಲೂ ಇದೆಯೇ ಅಂತ ನೋಡಿ. ನೀವೂ ದುಡಿಯುವವರೇ.

ದಿನಸಿಯಲ್ಲಿ ನನ್ನ ಸಲಹೆ, ತಿನ್ನುವುದು ಕಡಿಮೆ ಮಾಡದೆ ಕೊಳ್ಳುವ ರೀತಿ ಬದಲಿಸಿ. ಈಗ ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಪಕ್ಕದಲ್ಲಿ ಒಂದು ಗ್ರಾಮಿಗೆ ಅಥವಾ ಒಂದು ಎಂಎಲ್‌ಗೆ ಎಷ್ಟು ಅಂತಲೂ ಅಚ್ಚು ಹಾಕುತ್ತಾರೆ. ಅಕ್ಷರ ಸಣ್ಣದು, ಆದರೂ ಓದಿ. ದೊಡ್ಡ ಪ್ಯಾಕೆಟ್ ಅಗ್ಗ ಅಂತ ನಾವು ನಂಬಿರುತ್ತೇವೆ. ಬೇಳೆ, ಸೋಪಿನ ಪುಡಿಯಲ್ಲಿ ಅದು ಬಹುಮಟ್ಟಿಗೆ ನಿಜ, ಶ್ಯಾಂಪೂವಿನಲ್ಲಿ ಎಷ್ಟೋ ಸಲ ಬಾಟಲಿಗಿಂತ ಸ್ಯಾಷೆಯೇ ಅಗ್ಗ ಬೀಳುತ್ತದೆ. ಎಣ್ಣೆ ಪ್ಯಾಕೆಟ್ ಕೊಳ್ಳುವಾಗ ತೂಕ ನೋಡಿ. ಒಂದು ಲೀಟರ್ ಅಡುಗೆ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಹೊರನೋಟಕ್ಕೆ ಅದೇ ಗಾತ್ರದ ಪ್ಯಾಕೆಟ್ 850 ಗ್ರಾಮಿನದೂ ಇರುತ್ತದೆ, 800 ಗ್ರಾಮಿನದೂ ಇರುತ್ತದೆ. ಐದು ರೂಪಾಯಿ ಕಡಿಮೆ ಅಂತ ಎತ್ತಿಕೊಂಡರೆ ಹತ್ತು ರೂಪಾಯಿಯ ಎಣ್ಣೆ ಕಡಿಮೆ ಬಂದಿರುತ್ತದೆ.

ಅಕ್ಕಿಯಲ್ಲಿ ನಿಮಗೆ ಊರಿನ ಅನುಕೂಲ ಇದೆ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತ ನಿಮ್ಮ ಸುತ್ತಲಿನ ಗಿರಣಿಗಳಿಗೇ ಬರುತ್ತದೆ. 2022ರ ಜುಲೈನಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಅಂಗಡಿಯಲ್ಲಿ 26 ಕೆಜಿಯ ಚೀಲಗಳು ಕಾಣಿಸಿಕೊಂಡದ್ದು ಅದಕ್ಕೇ. ಐದೈದು ಕೆಜಿ ತರುವ ಬದಲು ಒಂದು ಚೀಲ ತರುವುದು ನಿಮ್ಮಂಥ ಐದು ಜನರ ಮನೆಗೆ ಸರಿಹೋಗುತ್ತದೆ.

ಸುಗ್ಗಿಯಲ್ಲಿ ಕೊಳ್ಳುವುದನ್ನು ನಾವು ಮರೆಯುತ್ತಿದ್ದೇವೆ. ತೊಗರಿ ಸಂಕ್ರಾಂತಿಯ ಆಸುಪಾಸು ಬರುತ್ತದೆ, ಹೊಸ ಒಣಮೆಣಸಿನಕಾಯಿ ಜನವರಿಯಿಂದ ಮಾರ್ಚ್, ಹುಣಸೆಹಣ್ಣು ಯುಗಾದಿಗೆ ಮುಂಚೆ. ಒಂದೇ ಸಲ ವರ್ಷದ್ದೆಲ್ಲ ಕೊಳ್ಳಲು ನಿಮ್ಮಲ್ಲಿ ದುಡ್ಡಿಲ್ಲ ಅಂತ ನನಗೆ ಗೊತ್ತು. ಈ ವರ್ಷ ಹುಣಸೆಹಣ್ಣು ಒಂದನ್ನೇ ಮಾಡಿ. ಬೀಜ, ನಾರು ತೆಗೆದು ಒಂದು ದಿನ ಬಿಸಿಲಿಗಿಟ್ಟು, ಉಪ್ಪು ಬೆರೆಸಿ ಭರಣಿಗೆ ಒತ್ತಿ ತುಂಬಿದರೆ ಮುಂದಿನ ಯುಗಾದಿಯವರೆಗೆ ಚಿಂತೆಯಿಲ್ಲ. ಬೇಳೆಯಾದರೆ ಹರಳೆಣ್ಣೆ ಸವರಿ ಇಡಬೇಕು. ನಾನೊಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಶ್ರಾವಣದಲ್ಲಿ ಹತ್ತು ಕೆಜಿ ಬೇಳೆ ತಂದು, ಬಿಸಿಲು ಕಾಣಿಸದೆ ಹಾಗೇ ಡಬ್ಬಿಗೆ ತುಂಬಿ, ಎರಡೇ ತಿಂಗಳಲ್ಲಿ ಅರ್ಧವನ್ನು ಹುಳಕ್ಕೆ ಬಿಟ್ಟುಕೊಟ್ಟೆ. ಮಳೆಗಾಲದಲ್ಲಿ ಸಗಟು ಬೇಡ.

ಸಂಜೆ ಮಕ್ಕಳ ಹತ್ತು ರೂಪಾಯಿ ಪ್ಯಾಕೆಟ್ಟಿನ ಲೆಕ್ಕ ನೀವು ಬರೆದಿಲ್ಲ, ಆದರೆ ಆ 4,350ರಲ್ಲಿ ಅದು ಇದ್ದೇ ಇದೆ. ಇಬ್ಬರಿಗೆ ಎರಡು ಪ್ಯಾಕೆಟ್, ತಿಂಗಳಿಗೆ 600. ಅದರಲ್ಲಿರುವುದು ಇಪ್ಪತ್ತು–ಮೂವತ್ತು ಗ್ರಾಂ ತಿಂಡಿ, ಉಳಿದದ್ದು ಗಾಳಿ. ಮಂಡಕ್ಕಿಯ ಊರಿನಲ್ಲಿದ್ದೀರಿ ನೀವು. ಒಗ್ಗರಣೆ ಮಂಡಕ್ಕಿಗೆ ಒಂದು ಹಿಡಿ ಹುರಿದ ಶೇಂಗಾ, ಹುರಿಗಡಲೆ ಹಾಕಿಕೊಟ್ಟರೆ ಹೊಟ್ಟೆಯೂ ತುಂಬುತ್ತದೆ. ಪ್ಯಾಕೆಟ್ ಪೂರ್ತಿ ನಿಲ್ಲಿಸಿ ಮಕ್ಕಳನ್ನು ಅಳಿಸಬೇಡಿ, ಶನಿವಾರಕ್ಕೆ ಇಟ್ಟುಕೊಳ್ಳಿ.

ಅಡುಗೆಯಲ್ಲಿ ನಮ್ಮ ತುಮಕೂರು ಕಡೆಯ ಒಂದನ್ನು ನಿಮಗೆ ಹೇಳಿಕೊಡುವ ಆಸೆ, ಬಸ್ಸಾರು. ಹೆಸರುಕಾಳು ಅಥವಾ ತೊಗರಿಬೇಳೆಯ ಜೊತೆ ದಂಟಿನ ಸೊಪ್ಪೋ ಹುರುಳಿಕಾಯಿಯೋ ಹಾಕಿ ಬೇಯಿಸಿ, ನೀರು ಬಸಿಯಬೇಕು. ಬಸಿದ ಆ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸ್ವಲ್ಪ ಕಾಯಿ, ಹುಣಸೆ ಮತ್ತು ಬೆಂದ ಕಾಳನ್ನೇ ಒಂದು ಹಿಡಿ ಸೇರಿಸಿ ರುಬ್ಬಿ ಹಾಕಿ ಕುದಿಸಿದರೆ ಸಾರು. ಬಸಿದು ಉಳಿದ ಕಾಳು–ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸಾಟಕ್ಕೆ ಎರಡು ಅಡುಗೆ, ಬೇಳೆ ಬೇಯಿಸಿದ ನೀರಿನ ಸತ್ವವೂ ಚೆಲ್ಲುವುದಿಲ್ಲ. ನಿಮ್ಮಲ್ಲಿ ಹೋಳಿಗೆ ಮಾಡಿದ ದಿನ ಕಟ್ಟಿನ ಸಾರು ಮಾಡುತ್ತೀರಲ್ಲ, ಅದೇ ಬುದ್ಧಿ ಇದು, ವಾರಕ್ಕೆರಡು ದಿನ ಮಾಡಿ. ರೊಟ್ಟಿಗೆ ಪಲ್ಯ, ಅನ್ನಕ್ಕೆ ಸಾರು.

ಟಿವಿ ಕಂತು ಯಾವ ತಿಂಗಳು ಮುಗಿಯುತ್ತದೆ ನೋಡಿಟ್ಟುಕೊಳ್ಳಿ. ಮುಗಿದ ಮರುತಿಂಗಳು, ಅದೇ ತಾರೀಖಿಗೆ, ಅದೇ 1,850 ಬ್ಯಾಂಕಿನ ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಉಳಿತಾಯ ಖಾತೆಗೆ, ಹೋಗುವಂತೆ ಹೇಳಿಬನ್ನಿ. ಕಂತು ಕಟ್ಟಿ ರೂಢಿಯಾದ ಮನೆಗೆ ಅದು ಭಾರ ಅನಿಸುವುದಿಲ್ಲ. ಒಂದು ತಿಂಗಳು ತಡ ಮಾಡಿದರೂ ಆ ದುಡ್ಡು ಎಲ್ಲಿ ಹೋಯಿತು ಅಂತ ಮತ್ತೆ ನನಗೆ ಪತ್ರ ಬರೆಯುತ್ತೀರಿ. ಆರ್‌ಡಿಯನ್ನು ಸದ್ಯಕ್ಕೆ ಒಂದು ವರ್ಷದ್ದೇ ಮಾಡಿ, ಮುಂದಿನ ಜೂನ್‌ನ ಸ್ಕೂಲ್ ಖರ್ಚಿಗೆ ಕೈಗೆ ಬರುವ ಹಾಗೆ. ಅಂಚೆ ಕಚೇರಿಯ ಆರ್‌ಡಿ 100 ರೂಪಾಯಿಯಿಂದ ಶುರುವಾಗುತ್ತದೆ, ಆದರೆ ಅದರ ಅವಧಿ ಐದು ವರ್ಷ. ಅದು ಮಗಳ ಓದಿಗಾಗಲಿ, ಆಮೇಲೆ ನೋಡೋಣ. ಗೃಹಲಕ್ಷ್ಮಿ ಹಣ ಅತ್ತೆಯವರ ಖಾತೆಗೆ ಬರುತ್ತಿದ್ದರೆ ಅದು ಅವರ ಕೈಯಲ್ಲೇ ಇರಲಿ, ಮನೆಯ ಲೆಕ್ಕಕ್ಕೆ ಸೇರಿಸಬೇಡಿ. ಈ ವಯಸ್ಸಿನಲ್ಲಿ ಕಾಫಿಪುಡಿಗೂ ಮಗನ ಮುಂದೆ ಕೈ ಚಾಚುವುದು ಅವರಿಗೆ ಬೇಡ.

ಇಷ್ಟೆಲ್ಲ ಮಾಡಿದರೆ ತಿಂಗಳಿಗೆ ಎಷ್ಟು ಸಿಕ್ಕೀತು? ಮಾತ್ರೆಯಲ್ಲಿ ಸಾವಿರದ ಹತ್ತಿರ, ಗ್ಯಾಸಿನಲ್ಲಿ 300, ಸಂಜೆ ತಿಂಡಿಯಲ್ಲಿ 300, ಫೋನಿನಲ್ಲಿ 100–150. ಲೆಕ್ಕ ಕೂಡುವಾಗ ನಾನು ಎಲ್ಲವನ್ನೂ ಕಡಿಮೆಯೇ ಹಿಡಿದಿದ್ದೇನೆ. 1,700 ಆಯಿತು. ಪಾವತಿ ಪಟ್ಟಿ ಓದಿದ ಮೇಲೆ ಸಿಗುವುದು ಬೇರೆ. ಮಾತ್ರೆ ಬದಲಾಗಲು ಡಾಕ್ಟರನ್ನು ನೋಡುವ ತನಕ ಕಾಯಬೇಕು, ಗ್ಯಾಸಿನ ಉಳಿತಾಯ ಗೊತ್ತಾಗಲು ಒಂದು ಸಿಲಿಂಡರ್ ಮುಗಿಯಬೇಕು. ಹೊಸ ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮಕ್ಕಳ ಹಾಲಿಗೆ ಮಾತ್ರ ಯಾವುದಕ್ಕೂ ಕಾಯುವುದು ಬೇಡ, ನಾಳೆ ಬೆಳಿಗ್ಗೆಯೇ ಹಾಲಿನವರಿಗೆ ಮೂರನೇ ಪ್ಯಾಕೆಟ್ ಹಾಕಲು ಹೇಳಿ. ಸಂತೆಯಿಂದ ಬರುವಾಗ ಒಂದು ಡಜನ್ ಬಾಳೆಹಣ್ಣು ತನ್ನಿ. ಅದರಲ್ಲಿ ಒಂದನ್ನು ನೀವೂ ತಿನ್ನಿ.